ಕ್ರೈಸ್ತ ಪ್ರಸಂಗದ ಸಿದ್ಧತೆ

ಭಾನುವಾರದ ಆರಾಧನೆಯಲ್ಲಿ ಕೀರ್ತನೆ ಪ್ರಾರ್ಥನೆಗಳ ನಡುವೆ ಸಭಾಪಾಲಕರು ಎದ್ದುನಿಂತು ಮಾಡುವ ಉಪದೇಶಕ್ಕೆ ನಮ್ಮಲ್ಲಿ ಪ್ರಸಂಗವೆಂದು ಹೆಸರು. ಶ್ರೋತೃಗಳಲ್ಲಿ ಅನೇಕರು ಅದನ್ನು ಕೇಳಿರಲಾರರು. ಆದರೆ ಒಂದು ಕಾಲದಲ್ಲಿ ಹರಿಕಥೆಯನ್ನು ಕೇಳದವರು ವಿರಳವಾಗಿದ್ದರು. ಪೀಠಿಕೆಯಲ್ಲಿ ಒಂದು ತತ್ತ್ವವನ್ನು ಸ್ಥಾಪಿಸಿ ಬಳಿಕ ಕಥೆಯಿಂದ ಅದನ್ನು ಬೆಳಗಿಸುವ ಕೀರ್ತನಕಾರರ ಕ್ರಮವನ್ನು ಬಲ್ಲವರಿಗೆ ನಾವು ಹೇಳಲಿರುವುದು ತೀರ ಹೊಸದೆನಿಸದು. ಪ್ರಸಂಗಪೀಠದಿಂದ ಮಾತನಾಡುವವನಿಗೂ ಈ ಆಕಾಶವಾಣಿಯಲ್ಲಿ ಮಾತನಾಡುವವನಿಗೂ ಒಂದೇ ಕಷ್ಟವುಂಟು. ಓದುಗನು ಅರ್ಥವಾಗದ ಪುಟವನ್ನು ಹಿಂದಕ್ಕೆ ತಿರುವಿ ನೋಡಬಲ್ಲನು. ಕೇಳುಗನಿಗೆ ಆ ಸೌಕರ್ಯವಿಲ್ಲ. ಆಕಾಶವಾಣಿಯ ಕೇಳುಗನಾದರೂ ಗುಂಡಿಯನ್ನು ತಿರುಗಿಸಿಬಿಡಬಹುದು. ದೇವಾಲಯದಲ್ಲಿ ಕುಳಿತವನು ಮರ್ಯಾದೆಗಾಗಿ ಕುಳಿತೇ ಇರುತ್ತಾನೆ. ಅವನ ಮನಸ್ಸು ಎದ್ದುಹೋದುದು ಬೋಧಕನ ಕಣ್ಣಿಗೆ ಕಾಣುವುದಿಲ್ಲ.

ಈ ವಿಷಯವನ್ನು ಕುರಿತು ಆಳವಾಗಿ ಚಿಂತಿಸಿದ ಮೊದಲಿಗರಲ್ಲಿ ಉತ್ತರ ಆಫ್ರಿಕದ ಹಿಪ್ಪೊ ನಗರದ ಬಿಷಪರಾಗಿದ್ದ ಸಂತ ಅಗಸ್ಟೀನರು ಮುಖ್ಯರು. ವೇದಾರ್ಥವನ್ನು ತಿಳಿಯುವ ಮತ್ತು ತಿಳಿಸುವ ರೀತಿಯನ್ನು ಕುರಿತು ಅವರು ಬರೆದ ಗ್ರಂಥದ ನಾಲ್ಕನೆಯ ಭಾಗವು ಸುಮಾರು 426ರಲ್ಲಿ ಮುಗಿಯಿತು. ಅದರಲ್ಲಿ ಒಂದು ಸ್ವಾರಸ್ಯವಾದ ಮಾತಿದೆ. ಲ್ಯಾಟಿನ್ ಭಾಷೆಯಲ್ಲಿ ಹ್ರಸ್ವವಾದ 'ಒಸ್' ಎಂದರೆ ಎಲುಬು, ದೀರ್ಘವಾದ 'ಓಸ್' ಎಂದರೆ ಬಾಯಿ. ಆಫ್ರಿಕದ ಜನರ ಕಿವಿಗೆ ಈ ಹ್ರಸ್ವದೀರ್ಘಗಳ ಭೇದ ತಿಳಿಯುತ್ತಿರಲಿಲ್ಲ. ಆದ್ದರಿಂದ ಎಲುಬೆಂದು ಹೇಳಬೇಕಾದಾಗ ವ್ಯಾಕರಣಕ್ಕೆ ಹೊಂದದಿದ್ದರೂ ಜನರು ಆಡುವ 'ಒಸ್ಸುಮ್' ಎಂಬ ರೂಪವನ್ನೇ ಬೋಧಕನು ಬಳಸಲೆಂದು ಅವರ ಮತ. ಹೀಗೆಂದವರು ಅಲಂಕಾರಶಾಸ್ತ್ರವನ್ನು ಬೋಧಿಸಿ ಜೀವಿಸಿದ್ದ ಪಂಡಿತರು. ತಿಳಿಯದೆ ಆಡಿದ ಮಾತಲ್ಲ. ಒ, ಓ ಎಂದು ಎರಡು ಅಕ್ಷರಗಳನ್ನೇ ಉಳ್ಳ ಕನ್ನಡಿಗರಿಗೆ ಆ ತೊಡಕಿಲ್ಲದಿದ್ದರೂ, ನಮ್ಮ ಪ್ರಸಂಗಗಳಲ್ಲಿ ಬೇರೆ ಬಗೆಯ ತೊಡಕುಗಳಿಗೆ ಕೊರತೆಯಿಲ್ಲ.

ಮಾತಿನ ಆಯ್ಕೆಗಿಂತ ಮೊದಲಿನದು ವಿಷಯದ ಕಟ್ಟಡ. ಇದರಲ್ಲಿ ಹೆಸರಾದವರು ಇಂಗ್ಲೆಂಡಿನ ಚಾರ್ಲ್ಸ್ ಸಿಮಿಯನ್. ಅವರು 1782ರಿಂದ 1836ರಲ್ಲಿ ತೀರಿಕೊಳ್ಳುವ ತನಕ ಕೇಂಬ್ರಿಜ್ ನಗರದ ಹೋಲಿ ಟ್ರಿನಿಟಿ ದೇವಾಲಯದಲ್ಲಿ ಬೋಧಿಸಿದರು. ಆರಂಭದಲ್ಲಿ ಸಭೆಯವರಿಗೆ ಅವರು ಬೇಡವಾಗಿದ್ದರು; ತಮ್ಮ ತಮ್ಮ ಆಸನಗಳಿಗೆ ಬೀಗ ಹಾಕಿ ಹೊರಗೆ ಉಳಿದರು. ಬಂದವರು ನಡುದಾರಿಯಲ್ಲಿ ನಿಂತು ಕೇಳಿದರು. ಇಂಥ ಸಭೆಯನ್ನು ಗೆದ್ದ ಬೋಧಕರು ಕಡೆಗೆ 2,536 ಪ್ರಸಂಗಗಳ ರೂಪರೇಖೆಗಳನ್ನು 21 ಸಂಪುಟಗಳಲ್ಲಿ ಅಚ್ಚುಮಾಡಿಸಿದರು. ಅವುಗಳನ್ನು ಅವರು ಅಸ್ಥಿಪಂಜರಗಳೆಂದೇ ಕರೆಯುತ್ತಿದ್ದರು. ಫ್ರಾನ್ಸ್ ದೇಶದ ಜಾಂ ಕ್ಲೋಡ್ ಎಂಬ ಬೋಧಕರ ಗ್ರಂಥವು ಅವರಿಗೆ ದಾರಿ ತೋರಿತ್ತು. ಸಿಮಿಯನ್ನರ ನಿಯಮವು ಸರಳವಾದುದು: ವಾಕ್ಯದಲ್ಲಿ ಇರುವುದನ್ನು ಹೊರಕ್ಕೆ ತರಬೇಕು, ಇರಬಹುದೆಂದು ನಾವು ಎಣಿಸಿದುದನ್ನು ಒಳಕ್ಕೆ ತುರುಕಬಾರದು. ಅಷ್ಟು ಸಂಪುಟಗಳನ್ನು ಎದುರಿಗಿಟ್ಟುಕೊಂಡು ಸ್ವಂತ ಶ್ರಮವನ್ನೇ ಬಿಟ್ಟ ಬೋಧಕರೂ ಇದ್ದಿರಬೇಕು. ಎರವಲು ತಂದ ಎಲುಬಿಗೆ ಮಾಂಸ ಹತ್ತುವುದು ಕಷ್ಟ.

ಈ ನಿಯಮವನ್ನು ಓದಿದ್ದರೂ ನಾವು ಅದನ್ನು ಕಲಿತುದು ಅವಮಾನದಿಂದ. ಸಭಾಸೇವೆಗೆ ಸೇರಿದ ಹೊಸದರಲ್ಲಿ ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಸಮಾರ್ಯದವನ ಸಾಮ್ಯವನ್ನು ಆರಿಸಿಕೊಂಡೆವು. ಯೆರೂಸಲೇಮಿನಿಂದ ಯೆರಿಕೋವಿಗೆ ಸುಮಾರು 17 ಮೈಲಿ. ದಾರಿಯು 3,000 ಅಡಿಗೂ ಮಿಗಿಲಾಗಿ ಇಳಿಯುತ್ತದೆ. ಕಳ್ಳರಿಗೆ ಅನುಕೂಲವಾದ ಬರಡುಬೆಟ್ಟ. ಇದನ್ನೆಲ್ಲ ವರ್ಣಿಸಿದೆವು. ಯೆಹೂದ್ಯರಿಗೂ ಸಮಾರ್ಯದವರಿಗೂ ಇದ್ದ ಹಗೆಯ ಚರಿತ್ರೆಯನ್ನು ಹೇಳಿದೆವು. ಅದೂ ಸಾಲದೆಂದು ಅಗಸ್ಟೀನರ ಗೂಢಾರ್ಥವನ್ನೂ ಸೇರಿಸಿದೆವು: ಗಾಯಗೊಂಡವನು ಆದಾಮ, ಛತ್ರವು ಕ್ರೈಸ್ತಸಭೆ, ಛತ್ರದವನು ಅಪೊಸ್ತಲನಾದ ಪೌಲ. ತಿಳಿಯಾಗಿ ಹೇಳಬೇಕೆಂದು ಕಲಿಸಿದ ಆ ಮಹನೀಯರೇ ಇಷ್ಟು ಭಾರವನ್ನು ಒಂದು ಸಣ್ಣ ಕಥೆಯ ಮೇಲೆ ಹೇರಿದರೆಂಬುದು ನಮ್ಮಂಥವರಿಗೆ ಕೊಂಚ ಸಮಾಧಾನದ ಸಂಗತಿ. ಮೂರು ಭಾಗ, ಒಂಬತ್ತು ಉಪಭಾಗ, ಮುಕ್ಕಾಲು ಗಂಟೆ. ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈಮುಗಿಯುತ್ತಿರುವಾಗ ಒಬ್ಬ ವೃದ್ಧೆ ಹತ್ತಿರ ಬಂದು, "ಅಯ್ಯನವರೇ, ಆ ಗಾಯದವನು ಬದುಕಿದನೆ?" ಎಂದು ಕೇಳಿದಳು. ಆಕೆಯ ಮಗನು ಆ ತಿಂಗಳೆಲ್ಲ ಆಸ್ಪತ್ರೆಯಲ್ಲಿ ಮಲಗಿದ್ದನೆಂದು ನಮಗೆ ತಿಳಿದಿತ್ತು. ಬರೆಯುವಾಗ ನೆನಪಾಗಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅದೇ ಸಭೆಯಲ್ಲಿ ಅದೇ ವಾಕ್ಯವನ್ನು ಮತ್ತೆ ತೆಗೆದುಕೊಂಡೆವು. ಈ ಸಲ ಸೋಮವಾರದಿಂದ ಬುಧವಾರದ ತನಕ ಏನನ್ನೂ ಬರೆಯಲಿಲ್ಲ. ವಾಕ್ಯವನ್ನು ಗಟ್ಟಿಯಾಗಿ ಓದುತ್ತ ಹೋದೆವು. ಆಗ ಮೊದಲು ಕಾಣದಿದ್ದುದೊಂದು ಕಂಡಿತು. ತನ್ನ ನೆರೆಯವನು ಯಾರೆಂದು ಧರ್ಮೋಪದೇಶಕನು ಕೇಳುತ್ತಾನೆ. ಯೇಸು ಕಥೆಯ ಕೊನೆಯಲ್ಲಿ ಆ ಪ್ರಶ್ನೆಯನ್ನೇ ತಿರುಗಿಸಿ, ಬಿದ್ದವನಿಗೆ ನೆರೆಯವನಾದವನು ಯಾರೆಂದು ಕೇಳುತ್ತಾನೆ. ಪ್ರಸಂಗದ ಬೆನ್ನೆಲುಬು ಇದು. 'ನೆರೆಯವರನ್ನು ಎಣಿಸುವುದನ್ನು ಬಿಟ್ಟು ನೆರೆಯವರಾಗುವುದು' ಎಂದು ಒಂದೇ ಸಾಲನ್ನು ಕಾಗದದ ತಲೆಯಲ್ಲಿ ಬರೆದೆವು. ಹೀಗೆ ಒಂದು ವಾಕ್ಯದಲ್ಲಿ ಹೇಳಲಾಗದ ಪ್ರಸಂಗವನ್ನು ಆ ವಾರ ಮಾಡದಿರುವುದೇ ಲೇಸು.

ಉಳಿದುದು ತಾನಾಗಿ ಕಳಚಿಬಿತ್ತು. ಯಾಜಕನೂ ಲೇವಿಯನೂ ಕಾಣದೆ ಹೋದವರಲ್ಲ, ಕಂಡು ಹೋದವರು: ಇದು ಮೊದಲ ಭಾಗ. ಸಮಾರ್ಯದವನು ಮಾಡಿದ ಕೆಲಸಗಳು ಎರಡನೆಯದು. ಎಣ್ಣೆ, ದ್ರಾಕ್ಷಾರಸ, ಬಟ್ಟೆಯ ಪಟ್ಟಿ, ತನ್ನ ವಾಹನ, ಛತ್ರದವನಿಗೆ ಕೊಟ್ಟ ಎರಡು ನಾಣ್ಯ. ಆ ಕಾಲದಲ್ಲಿ ಒಂದು ನಾಣ್ಯವೆಂದರೆ ಕೂಲಿಯವನ ಒಂದು ದಿನದ ಸಂಪಾದನೆ; ಈ ಲೆಕ್ಕವನ್ನು ಉಳಿಸಿಕೊಂಡೆವು, ಬೆಟ್ಟದ ಎತ್ತರವನ್ನು ಬಿಟ್ಟೆವು. ಒಂದು ದೃಷ್ಟಾಂತ ಸಾಕೆಂದು ಕಂಡಿತು. ಪೀಠಿಕೆಯನ್ನು ಕಡೆಯಲ್ಲಿ, ಶನಿವಾರ ರಾತ್ರಿ ಬರೆದೆವು. ಅತಿಥಿ ಯಾರೆಂದು ತಿಳಿಯುವ ಮೊದಲೇ ಸ್ವಾಗತಪತ್ರ ಬರೆಯುವುದು ನಮ್ಮ ಹಳೆಯ ಅಭ್ಯಾಸವಾಗಿತ್ತು. ಪೀಠಕ್ಕೆ ಕೊಂಡೊಯ್ದುದು ಅಂಗೈಯಗಲದ ಒಂದು ಚೀಟಿ. ಪೂರ್ತಿ ಬರೆದು ಓದುವ ಸಮರ್ಥರೂ ಇದ್ದಾರೆ. ನಮ್ಮ ಕಣ್ಣು ಕಾಗದದ ಮೇಲಿದ್ದರೆ ಜನರ ಮುಖ ಕಾಣುವುದಿಲ್ಲ.

ಆ ವೃದ್ಧೆಯ ಪ್ರಶ್ನೆಗೆ ಸುವಾರ್ತೆಯಲ್ಲಿ ಉತ್ತರವಿಲ್ಲ. ಹೆಚ್ಚು ವೆಚ್ಚವಾದರೆ ತಿರುಗಿ ಬಂದಾಗ ಕೊಡುವೆನೆಂದು ಹೇಳಿ ಸಮಾರ್ಯದವನು ಹೊರಡುವಲ್ಲಿಗೆ ಕಥೆ ನಿಲ್ಲುತ್ತದೆ. ಗಾಯಗೊಂಡವನು ಇನ್ನೂ ಛತ್ರದಲ್ಲಿ ಮಲಗಿದ್ದಾನೆ. ಈ ಸಲ ನಾವೂ ಅಲ್ಲಿಯೇ ನಿಲ್ಲಿಸಿದೆವು. ಗಡಿಯಾರ ನೋಡಿದರೆ ಹದಿನೆಂಟು ನಿಮಿಷವಾಗಿತ್ತು.