ಜೆಪ್ಪುವಿನ ಹಂಚು, ಮರುಭೂಮಿಯ ಮನ್ನ

ಬೈಬಲಿನ 115ನೆಯ ಕೀರ್ತನೆಯನ್ನು ವಿಗ್ರಹಗಳ ಖಂಡನೆ ಎಂದಷ್ಟೇ ಓದಿ ಮುಗಿಸುವುದು ರೂಢಿ. ಅದರಲ್ಲಿರುವ ಎಚ್ಚರಿಕೆ ನಮಗೂ ತಾಗುವಂಥದ್ದು: ಯಾವುದರಲ್ಲಿ ಭರವಸೆಯಿಡುತ್ತೇವೋ ಕ್ರಮೇಣ ಅದರಂತೆಯೇ ಆಗುತ್ತೇವೆ. ಈ ಮಾತನ್ನು ಮಂಗಳೂರಿನ ಚರಿತ್ರೆಯಲ್ಲಿಟ್ಟು ನೋಡೋಣ.

ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಇಲ್ಲಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರಿಗೆ ಜಾತಿ ತಪ್ಪಿತು. ಅದರ ಬೆನ್ನಿಗೇ ಗೇಣಿಯ ಗದ್ದೆ, ಕುಲಕಸುಬು, ನೆಂಟರ ಮನೆಯ ಪಂಕ್ತಿ ಎಲ್ಲವೂ ತಪ್ಪತೊಡಗಿದವು. ದೀಕ್ಷಾಸ್ನಾನ ಕೊಟ್ಟು ಹಸಿವಿಗೆ ಬಿಟ್ಟುಬಿಡಲು ಮಿಶನರಿಗಳ ಮನಸ್ಸು ಒಪ್ಪಲಿಲ್ಲ. ಬೇಸಾಯ ಮಾಡಿಸಿ ನೋಡಿದರು, ಅಚ್ಚುಕೂಟ ತೆರೆದರು, ಮಗ್ಗ ಹೂಡಿದರು. 1865ರಲ್ಲಿ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಕರಾವಳಿಯ ಮಾಡುಗಳ ಬಣ್ಣವೇ ಬದಲಾಯಿತು. ಇದನ್ನು ಕೃತಜ್ಞತೆಯಿಂದಲೇ ಹೇಳುತ್ತಿದ್ದೇನೆ.

ಆದರೆ ಕೂಲಿ ಕೊಡುವವರು, ಇರಲು ನೆಲೆ ಕೊಡುವವರು, ಮಕ್ಕಳಿಗೆ ಶಾಲೆ ನಡೆಸುವವರು, ಕರ್ತನ ಭೋಜನಕ್ಕೆ ಯಾರು ಯೋಗ್ಯರೆಂದು ತೀರ್ಮಾನಿಸುವವರು ಎಲ್ಲರೂ ಒಬ್ಬರೇ ಆದರೆ? ದೇವರ ಭಯಕ್ಕೂ ಧಣಿಯ ಭಯಕ್ಕೂ ನಡುವಿನ ಗೆರೆ ಮಸುಕಾಗುತ್ತದೆ. ಅಲ್ಲಿ ಒಬ್ಬ ಕಾರ್ಮಿಕ ಕಣ್ಣೀರಿಟ್ಟು ಪಶ್ಚಾತ್ತಾಪಪಟ್ಟರೆ ಅದು ಆತ್ಮದ್ದೋ ಹೊಟ್ಟೆಯದೋ, ಅವನಿಗಾದರೂ ಗೊತ್ತಿದ್ದೀತೆ? ಕೊಡುವವರೂ ಮೊದಲಿನಂತೆಯೇ ಉಳಿಯಲಿಲ್ಲ. ಸುವಾರ್ತೆ ಸಾರಲು ಹೊರಟ ಸಂಸ್ಥೆ ಹಾಜರಿ, ಲೆಕ್ಕ, ಮಾರಾಟಗಳನ್ನೂ ನೋಡಬೇಕಾಯಿತು.

ಹೊಟ್ಟೆ ತುಂಬಿಸಿದ ಧಣಿಯ ಹಿಡಿತ ಎಷ್ಟು ಗಟ್ಟಿ ಎಂದು ತಿಳಿಯಲು ವಿಮೋಚನಕಾಂಡದ ಇಸ್ರಾಯೇಲ್ಯರನ್ನು ನೆನೆಯಿರಿ. ಫರೋಹನಿಗಾಗಿ ಪಿತೋಮ್, ರಾಮ್ಸೇಸ್ ಎಂಬ ಉಗ್ರಾಣದ ಪಟ್ಟಣಗಳನ್ನು ಕಟ್ಟಿದ ಜನ ಅವರು. ಬಿಡುಗಡೆಯಾದ ಮೇಲೂ ಮರುಭೂಮಿಯಲ್ಲಿ ಅವರ ಬಾಯಲ್ಲಿ ನೀರೂರಿಸಿದ್ದು ಐಗುಪ್ತದ ಮಾಂಸದ ಪಾತ್ರೆಗಳೇ. ಅಂಥವರಿಗೆ ದೇವರು ಮನ್ನ ಎಂಬ ಆಹಾರ ಸುರಿಸಿದ, ಆಯಾ ದಿನಕ್ಕೆ ಸಾಕಾಗುವಷ್ಟು. ಬೆಳಗಿನ ತನಕ ಇಟ್ಟದ್ದಕ್ಕೆ ಹುಳ ಬಿತ್ತು. ಸಬ್ಬತ್ತಿಗೆಂದು ಇಟ್ಟದ್ದು ಮಾತ್ರ ಕೆಡಲಿಲ್ಲ. ದಾಸರ ಮೈಗೆ ಹತ್ತಿದ ಉಗ್ರಾಣದ ಬುದ್ಧಿಯನ್ನು ಹೀಗೆ ದಿನಕ್ಕಿಷ್ಟಿಷ್ಟೇ ಬಿಡಿಸಬೇಕಾಯಿತು; ಅದಕ್ಕೆ ನಲವತ್ತು ವರ್ಷ ಹಿಡಿಯಿತು.

ಮಂಗಳೂರಿನಲ್ಲಿ ಆ ಬಿಡಿಸುವ ಕೆಲಸ ಮೊದಲನೆಯ ಮಹಾಯುದ್ಧದ ರೂಪದಲ್ಲಿ ಬಂತು. 1914ರ ನಂತರ ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾದರು, ದೇಶ ಬಿಟ್ಟರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು. ಕೂಲಿ ಕೊಡುವವರು ಬೇರೆ, ಬೋಧಿಸುವವರು ಬೇರೆ ಆದರು. ಸಭೆಯ ಭಾರ ಊರಿನ ಬೋಧಕರ, ಹಿರಿಯರ ಹೆಗಲಿಗೆ ಬಂತು. ಮಿಶನ್ನಿನ ಚರಿತ್ರೆ ಬರೆಯುವವರು ಈ ವರ್ಷಗಳನ್ನು ನಷ್ಟದ ಖಾತೆಗೆ ಸೇರಿಸುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಭಾನುವಾರ ಆರಾಧನೆಗೆ ಬಂದರೆ ಧಣಿಯ ಮೆಚ್ಚುಗೆಯಿಲ್ಲ, ಬಾರದಿದ್ದರೆ ಕೂಲಿಗೆ ಕುತ್ತಿಲ್ಲ. ಅಂಥ ಕಾಲದಲ್ಲೂ ಬಂದು ಹಾಡಿದವರಿಂದಲೇ ಇಲ್ಲಿನ ಸಭೆ ಇಲ್ಲಿನದಾಯಿತು ಎಂದು ನಾನು ನಂಬುತ್ತೇನೆ.