ಊರಿನಿಂದ ತರುವ ಕಡ್ಡಿ ಮತ್ತು ಕಂದು



ರಜೆ ಮುಗಿಸಿ ಹೈದರಾಬಾದಿಗೆ ಮರಳುವ ನಮ್ಮವರ ಚೀಲದಲ್ಲಿ ಉಪ್ಪಿನಕಾಯಿಯ ಜತೆಗೆ ಯಾವುದಾದರೊಂದು ಗಿಡದ ತುಂಡೂ ಇರುವುದುಂಟು. ಬಾಡಿಗೆ ಮನೆಯವರಿಗೆ ತೋಟವೆಲ್ಲಿಯದು ಎನ್ನಬೇಡಿರಿ. ಮಾಳಿಗೆಯ ಮೇಲೆ ಒಂದು ಕುಂಡಕ್ಕೆ ಎಡೆಯಿದ್ದರೆ ಸಾಕು. ಆದರೆ ಯಾವುದನ್ನು ಹೇಗೆ ತರಬೇಕೆಂದು ತಿಳಿದು ತರಬೇಕು.

ಬೀಜದ ಸಸಿ ತಾಯಿಯನ್ನೇ ಹೋಲುವುದೆಂಬ ಭರವಸೆಯಿಲ್ಲ. ಇಲ್ಲಿ ಬಂಗನಪಲ್ಲಿ ಮಾವನ್ನು ತಿಂದು, ಗೊರಟನ್ನು ಒಯ್ದು ಊರಿನ ಹಿತ್ತಲಲ್ಲಿ ಹೂಳುವವರಿದ್ದಾರೆ. ಆ ಗೊರಟಿನಲ್ಲಿ ಅರ್ಧ ಗುಣ ಪರಾಗ ಕೊಟ್ಟ ಯಾವುದೋ ಮರದ್ದು. ವರ್ಷಗಟ್ಟಲೆ ನೀರೆರೆದ ಮೇಲೆ ಬೇರೆಯೇ ಹಣ್ಣು ಬಂದರೆ ಆಶ್ಚರ್ಯವಿಲ್ಲ. ಅದಕ್ಕೇ ಮಾವಿಗೆ ಕಸಿ.

ಮಲ್ಲಿಗೆಗೆ ಕಸಿಯ ತೊಂದರೆಯೂ ಇಲ್ಲ. ಹೂವಿನಹಡಗಲಿಯದಾಗಲಿ ಮೈಸೂರಿನದಾಗಲಿ, ಕಡ್ಡಿಯಿಂದಲೇ ಅದರ ವಂಶ. ತೀರ ಎಳೆಯದಲ್ಲದ, ಆರೆಂಟು ಅಂಗುಲದ, ಮೂರು ನಾಲ್ಕು ಗೆಣ್ಣಿರುವ ಕಡ್ಡಿಯನ್ನು ಆರಿಸಿರಿ. ಕೆಳಗಿನ ಗೆಣ್ಣಿನ ಬುಡದಲ್ಲೇ ಓರೆಯಾಗಿ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿರಿ. ಮರಳು ಬೆರೆಸಿದ ಮಣ್ಣಿನಲ್ಲಿ ಎರಡು ಗೆಣ್ಣು ಮುಳುಗುವಂತೆ ನೆಟ್ಟು, ನೆರಳಿನಲ್ಲಿಡಿ. ಎಲೆಗಳನ್ನು ಬಹುಪಾಲು ತೆಗೆದುಬಿಡಬೇಕು; ಬೇರಿಲ್ಲದ ಕಡ್ಡಿಯ ನೀರನ್ನು ಎಲೆಗಳೇ ಆರಿಸಿಬಿಡುತ್ತವೆ. ಇಲ್ಲಿನ ಏಪ್ರಿಲ್, ಮೇ ಬಿಸಿಲಿನಲ್ಲಿ ಈ ಕೆಲಸ ಬೇಡ; ಮುಂಗಾರು ಬಂದ ಮೇಲೆ ಜೂನ್, ಜುಲೈಯಲ್ಲಿ ಮಾಡಿರಿ. ಬೇರು ಬಂತೇ ಎಂದು ದಿನಕ್ಕೊಮ್ಮೆ ಕಿತ್ತು ನೋಡುವವರ ಕೈಯಲ್ಲಿ ಮಾತ್ರ ಯಾವ ಕಡ್ಡಿಯೂ ಉಳಿಯದು!

ಬಾಳೆಯ ಮಾತೇ ಬೇರೆ. ಕಡ್ಡಿಯಾಗಲಿ ಕಂದಾಗಲಿ ತಾಯಿಯ ಗುಣವನ್ನು ತರುವಂತೆಯೇ ಅದರ ರೋಗವನ್ನೂ ತರಬಲ್ಲದು. ನಂಜನಗೂಡಿನ ರಸಬಾಳೆಯನ್ನು ಅಳಿವಿನ ಅಂಚಿಗೆ ತಂದದ್ದು ಪನಾಮಾ ಸೊರಗು ರೋಗ. ಇದು ಮಣ್ಣಿನಲ್ಲಿರುವ ಒಂದು ಶಿಲೀಂಧ್ರ. ಬೇರಿನಿಂದ ಹೊಕ್ಕು ನೀರಿನ ನಾಳಗಳನ್ನು ಕಟ್ಟುತ್ತದೆ, ಎಲೆ ಹಳದಿಯಾಗಿ ಜೋತುಬೀಳುತ್ತದೆ. ಕಣ್ಣಿಗೆ ಗಟ್ಟಿಮುಟ್ಟಾಗಿ ಕಾಣುವ ಕಂದಿನ ಗೆಡ್ಡೆಯಲ್ಲೂ ಅದು ಅಡಗಿರಬಹುದು. ಹೀಗೆಯೇ ಕಂದಿನೊಡನೆ ಹರಡಿ, ಮಧ್ಯ ಅಮೆರಿಕದ ಗ್ರೋ ಮಿಶೆಲ್ ಎಂಬ ಬಾಳೆಯ ವ್ಯಾಪಾರವನ್ನು 1960ರ ದಶಕದ ಹೊತ್ತಿಗೆ ಅದು ಮುಗಿಸಿಬಿಟ್ಟಿತು.

ಈಗ ಪ್ರಯೋಗಾಲಯದಲ್ಲಿ ಅಂಗಾಂಶದಿಂದ ಬೆಳೆಸಿದ ರೋಗವಿಲ್ಲದ ಬಾಳೆ ಸಸಿಗಳು ದೊರೆಯುತ್ತವೆ. ರಸಬಾಳೆ ಬೇಕೆನ್ನುವವರು ಅಂಥದನ್ನೇ ಕೊಳ್ಳಲಿ. ಆದರೆ ಶಿಲೀಂಧ್ರವು ದಶಕಗಟ್ಟಲೆ ಮಣ್ಣಿನಲ್ಲಿ ಬದುಕಿರುವುದರಿಂದ, ರೋಗದ ನೆಲದಲ್ಲಿ ನೆಟ್ಟರೆ ಆ ಸಸಿಯೂ ಸೊರಗುತ್ತದೆ. ಊರಿನ ಮಣ್ಣೆಂದು ಕಂದಿನ ಬುಡಕ್ಕೆ ಒಂದು ಹಿಡಿ ಕಟ್ಟಿ ತರುವ ಪ್ರೀತಿಯನ್ನು ನಾನು ಬಲ್ಲೆ; ಬಾಳೆತೋಟದ್ದಾದರೆ ಆ ಮಣ್ಣನ್ನು ಅಲ್ಲಿಯೇ ಕೊಡವಿ ಬನ್ನಿರಿ.