ರಾಜನ ಬಾಯಲ್ಲಿ ಯಾವ ಕನ್ನಡ?



ಈ ವರ್ಷ ಶಾಲೆ ಮುಗಿಸುವವರಲ್ಲಿ ಒಬ್ಬರು ಮಾತಾಡಬೇಕು, ವಿಷಯ ನಿಮ್ಮಿಷ್ಟ ಎಂದರು. ನಾನು ಫ್ಯಾಂಟಸಿ ಎಂದೆ. "ಕನ್ನಡ ಶಾಲೆಯಲ್ಲಿ ಹ್ಯಾರಿ ಪಾಟರ್ ಕತೆ ಹೇಳ್ತೀಯಾ?" ಎಂದು ಅಮ್ಮ ಕೇಳಿದರು. ಹೆದರಬೇಡಿ, ಹ್ಯಾರಿ ಪಾಟರ್ ಬರುವುದಿಲ್ಲ. ಕರ್ಣ ಬರುತ್ತಾನೆ.

ಕಲ್ಪನೆಯ ಲೋಕದ ಕತೆಗಳಲ್ಲಿ ಕೆಲವನ್ನು ಇಂಗ್ಲಿಷಿನವರು ಎಪಿಕ್ ಫ್ಯಾಂಟಸಿ, ಹೈ ಫ್ಯಾಂಟಸಿ ಎನ್ನುತ್ತಾರೆ. ಲಾಯ್ಡ್ ಅಲೆಕ್ಸಾಂಡರ್ ಎಂಬ ಅಮೆರಿಕದ ಲೇಖಕರು 1971ರ ಒಂದು ಪ್ರಬಂಧದಲ್ಲಿ ಈ 'ಹೈ' ಎಂಬ ಹೆಸರನ್ನು ಬಳಸಿದರು. ಹೈ ಎಂದರೆ ಎತ್ತರ. ಆ ಎತ್ತರ ಎಲ್ಲಿಂದ ಬರುತ್ತದೆ ಎಂಬುದು ನನ್ನ ಪ್ರಶ್ನೆ.

ನಮ್ಮ ತರಗತಿಯಲ್ಲಿ ಕೇಳಿ ನೋಡಿದೆ. ದೊಡ್ಡ ಮ್ಯಾಪ್ ಬೇಕು ಎಂದಳು ಒಬ್ಬಳು. ಡ್ರ್ಯಾಗನ್, ಕನಿಷ್ಠ ಎರಡು ಸೈನ್ಯ, ಬೆಟ್ಟದ ಮೇಲೊಂದು ಕೋಟೆ ಎಂದ ಇನ್ನೊಬ್ಬ. ಜಾಗದಿಂದಲೇ ಎತ್ತರ ಬರುವುದಾದರೆ ಒಮಾನಿನಲ್ಲಿರುವ ನಾವು ಪುಣ್ಯವಂತರು. ಸೀಬಿನಿಂದ ಸುಮಾರು ಎರಡು ಗಂಟೆ ಕಾರು ಓಡಿಸಿದರೆ ಬಹ್ಲಾ ಕೋಟೆ. ಮಣ್ಣಿನ ಇಟ್ಟಿಗೆಯ ಗೋಡೆಗಳು, ಸುತ್ತ ಖರ್ಜೂರದ ತೋಟ. 1987ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ, ಜೊತೆಗೆ ಜಿನ್‌ಗಳ ಊರೆಂಬ ಹೆಸರು ಬೇರೆ. ಇನ್ನೂ ಮುಂದೆ ಸುಮಾರು 3,000 ಮೀಟರ್ ಎತ್ತರದ ಜೆಬೆಲ್ ಶಮ್ಸ್. ಸಿನಿಮಾದವರಿಗೆ ಸೆಟ್ ಹಾಕುವ ಖರ್ಚೇ ಇಲ್ಲ. ಆದರೆ ಅಲ್ಲಿಗೆ ಹೋಗಿ ನಾವು ಮಾಡುವುದೇನು? ಚಿತ್ರಾನ್ನದ ಡಬ್ಬಿ ತೆರೆಯುತ್ತೇವೆ, ಫೋಟೋ ತೆಗೆಯುತ್ತೇವೆ. ಜಾಗ ಎಷ್ಟೇ ದೊಡ್ಡದಾದರೂ ಅದು ಪಿಕ್ನಿಕ್ಕೇ.

ಇದರ ಪಕ್ಕದಲ್ಲಿ ತಾಳಮದ್ದಳೆಯನ್ನು ಇಟ್ಟು ನೋಡಿ. ಪುತ್ತೂರು, ಕಾಸರಗೋಡು ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಂಗಳೂರು, ಹುಬ್ಬಳ್ಳಿಯವರಿಗಾಗಿ ಹೇಳುತ್ತೇನೆ. ಯಕ್ಷಗಾನದಿಂದ ವೇಷ, ಕಿರೀಟ, ಕುಣಿತ ಎಲ್ಲವನ್ನೂ ತೆಗೆದರೆ ಉಳಿಯುವುದು ತಾಳಮದ್ದಳೆ. ಭಾಗವತರು ಪದ ಹಾಡುತ್ತಾರೆ, ಮದ್ದಳೆ, ಚೆಂಡೆ ಇರುತ್ತವೆ. ಅರ್ಥಧಾರಿಗಳು ಪಂಚೆ ಉಟ್ಟು, ಶಾಲು ಹಾಕಿ, ಎದುರುಬದುರು ಕೂತು ಮಾತಾಡುತ್ತಾರೆ. ಬರೆದಿಟ್ಟ ಡೈಲಾಗ್ ಇಲ್ಲ. ಹಾಡಿದ ಪದದ ಅರ್ಥ ಹಿಡಿದು ಅಲ್ಲೇ ಮಾತು ಕಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ದೊಡ್ಡ ಹೆಸರು ಮಾಡಿದ್ದು ಹೀಗೆ ಕೂತು ಮಾತಾಡಿಯೇ.

ರಜೆಗೆ ಊರಿಗೆ ಹೋದಾಗ ಅಜ್ಜ ನನ್ನನ್ನು 'ಕರ್ಣಭೇದನ' ಪ್ರಸಂಗಕ್ಕೆ ಕರೆದುಕೊಂಡು ಹೋಗಿದ್ದರು. ಪ್ಲಾಸ್ಟಿಕ್ ಕುರ್ಚಿ, ಕಿರುಗುಟ್ಟುವ ಫ್ಯಾನು. ಕೃಷ್ಣನ ಅರ್ಥ ಹೇಳುವವರು ಕನ್ನಡಕ ಹಾಕಿದ್ದರು, ನಡುನಡುವೆ ನೀರು ಕುಡಿಯುತ್ತಿದ್ದರು. ಯುದ್ಧಕ್ಕೆ ಮುಂಚೆ ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ: ನೀನು ಕುಂತಿಯ ಹಿರಿಯ ಮಗ, ಬಾ, ರಾಜ್ಯ ನಿನ್ನದೇ, ಪಾಂಡವರು ಐವರೂ ನಿನ್ನ ಸೇವೆಗೆ ನಿಲ್ಲುತ್ತಾರೆ. ಹುಟ್ಟಿದಾಗಿನಿಂದ ಕರ್ಣನಿಗೆ ಏನು ಸಿಕ್ಕಿರಲಿಲ್ಲವೋ ಅದೆಲ್ಲ ಒಂದೇ ಸಲ ಎದುರಿಗಿದೆ. ಸಾಯುತ್ತೇನೆಂದು ಗೊತ್ತಿದ್ದೂ ಅವನು ಒಲ್ಲೆ ಎನ್ನುತ್ತಾನೆ, ದುರ್ಯೋಧನನ ಅನ್ನ ಉಂಡಿದ್ದೇನೆ ಎಂಬ ಕಾರಣಕ್ಕೆ. ಆಗ ನನಗೆ ಫ್ಯಾನೂ ಕೇಳಿಸಲಿಲ್ಲ, ಕನ್ನಡಕವೂ ಕಾಣಿಸಲಿಲ್ಲ. ಬಹ್ಲಾ ಕೋಟೆಯಲ್ಲಿ ಸಿಗದ ಎತ್ತರ ಅಲ್ಲಿತ್ತು.

ಅದಕ್ಕೇ ನನ್ನ ಉತ್ತರ ಇದು: ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದ ಲೋಕವೇ ಎತ್ತರದ ಲೋಕ. ನಮ್ಮ ಪುರಾಣಗಳ ಮ್ಯಾಜಿಕ್ ಗಮನಿಸಿ. ವರ, ಶಾಪ, ಪ್ರತಿಜ್ಞೆ, ಮೂರೂ ಮಾತುಗಳೇ. ದಶರಥ ಕೊಟ್ಟ ಎರಡು ವರ, ಭೀಷ್ಮ ಮಾಡಿದ ಒಂದು ಪ್ರತಿಜ್ಞೆ, ಅಷ್ಟರ ಮೇಲೆ ಎರಡು ಮಹಾಕಾವ್ಯಗಳು ನಿಂತಿವೆ. ಶಾಪ ಕೊಟ್ಟವರೂ ಅದನ್ನು ತಗ್ಗಿಸಬಹುದು, ಅಳಿಸಲಾರರು. 'ಬಾಹುಬಲಿ'ಯಲ್ಲಿ ನಿಮಗೆಲ್ಲ ಜಲಪಾತ ನೆನಪಿರಬಹುದು, ಆದರೆ ಆ ಕತೆಯನ್ನು ಹಿಡಿದು ನಿಲ್ಲಿಸಿರುವುದು ಶಿವಗಾಮಿಯ ಮಾತೇ ಕಾನೂನು ಎಂಬ ನಿಯಮ. ಟೋಲ್ಕಿನ್ನರ 'ಲಾರ್ಡ್ ಆಫ್ ದ ರಿಂಗ್ಸ್'ನಲ್ಲೂ ಅಷ್ಟೇ. ಉಂಗುರವನ್ನು ತಾನು ಒಯ್ಯುತ್ತೇನೆ ಎಂದು ಸಭೆಯಲ್ಲಿ ಹೇಳುವವನು ಅಲ್ಲಿದ್ದ ವೀರರಲ್ಲಿ ಯಾರೂ ಅಲ್ಲ, ಪುಟ್ಟ ಫ್ರೋಡೊ. ಕತೆ ಮೇಲೇಳುವುದು ಅಲ್ಲಿಂದ.

ತೆನಾಲಿ ರಾಮನ ಕತೆಗಳು ಇದಕ್ಕೆ ಸರಿಯಾಗಿ ಉಲ್ಟಾ. ವಿಜಯನಗರ, ಕೃಷ್ಣದೇವರಾಯನ ಆಸ್ಥಾನ, ಇದಕ್ಕಿಂತ ದೊಡ್ಡ ಸೆಟ್ಟಿಂಗ್ ಬೇಕೇ? ಆದರೂ ಆ ಕತೆಗಳನ್ನು ಯಾರೂ ಎಪಿಕ್ ಎನ್ನುವುದಿಲ್ಲ. ರಾಜ ಶಿಕ್ಷೆ ಕೊಡುತ್ತಾನೆ, ರಾಮ ಮಾತಿನಲ್ಲಿ ಒಂದು ಸಂದು ಹುಡುಕಿ ನುಣುಚಿಕೊಳ್ಳುತ್ತಾನೆ. ಅಲ್ಲಿ ಮಾತು ಜಾರುತ್ತದೆ, ಅದರಿಂದಲೇ ನಗು ಬರುತ್ತದೆ. ನನಗೆ ಆ ಕತೆಗಳೂ ಇಷ್ಟ, ಆದರೆ ಅವು ಬೇರೆ ಜಾತಿ.

ಈಗ ನಮ್ಮ ಶಾಲೆಗೆ ಸಂಬಂಧಪಟ್ಟ ಮಾತು. ನಾನೊಂದು ಕತೆ ಬರೆಯುತ್ತಿದ್ದೇನೆ, ಕನ್ನಡದಲ್ಲಿ. ಅದರಲ್ಲೊಬ್ಬ ರಾಜ ಗಡಿಯ ಹಳ್ಳಿಯವರಿಗೆ ಮಾತು ಕೊಡಬೇಕು. ಮೂರು ವಾರದಿಂದ ಅವನು ಬಾಯಿ ತೆರೆದು ನಿಂತಿದ್ದಾನೆ. ನನ್ನ ಹತ್ತಿರ ಇರುವುದು ಮನೆಯ ಕನ್ನಡ: ತಿಂಡಿ ಆಯ್ತಾ, ಏಸಿ ಆಫ್ ಮಾಡು, ಅಜ್ಜಿಗೆ ವಿಡಿಯೋ ಕಾಲ್ ಮಾಡು. ಈ ಕನ್ನಡ ನನಗೆ ಪ್ರೀತಿಯದು. ಅದರಲ್ಲಿ ಜಗಳ ಆಡಬಲ್ಲೆ, ಜೋಕ್ ಹೇಳಬಲ್ಲೆ. ಆದರೆ "ಆಯ್ತು, ನೋಡೋಣ" ಎನ್ನುವ ರಾಜನನ್ನು ಯಾವ ಹಳ್ಳಿಯವರು ನಂಬುತ್ತಾರೆ? ಇಂಗ್ಲಿಷಿನಲ್ಲಾದರೆ ಅವನಿಗೆ ಮಾತು ಥಟ್ಟನೆ ಬರುತ್ತದೆ, ಏಕೆಂದರೆ ಅಂಥ ಇಂಗ್ಲಿಷನ್ನು ನಾನು ಸಾವಿರಾರು ಪುಟ ಓದಿದ್ದೇನೆ.

ದೊಡ್ಡವರಿಗೂ ಇದು ಭಾಷೆಯ ಪ್ರಶ್ನೆಯೇ ಆಗಿತ್ತು. ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ಭಾಷೆಯ ಪ್ರೊಫೆಸರ್, ಮೊದಲು ಭಾಷೆಗಳನ್ನು ಕಟ್ಟಿ ಆಮೇಲೆ ಅವುಗಳಿಗಾಗಿ ಲೋಕ ಕಟ್ಟಿದವರು. ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಬರೆಯುವಾಗ ಇದ್ದ ಸರಳ ರಗಳೆಯನ್ನೇ ಹಿಗ್ಗಿಸಿ ಮಹಾಛಂದಸ್ಸು ಮಾಡಿಕೊಂಡರು. ಕುಮಾರವ್ಯಾಸನ ಇಡೀ ಭಾರತ ಭಾಮಿನಿ ಷಟ್ಪದಿಯಲ್ಲಿದೆ. ಇವನ್ನು ನಮಗೆ ಪಾಠದಲ್ಲಿ ಹೆಸರು, ಕಾಲ, ಬಿರುದು ಎಂದು ಕಲಿಸಿದ್ದೀರಿ, ಬಾಯಿಪಾಠವೂ ಮಾಡಿದ್ದೇವೆ. ಅವುಗಳ ಕನ್ನಡ ನಮ್ಮ ಬಾಯಿಗೆ ಬಂದಿಲ್ಲ. ಪರದೇಶದ ಮಕ್ಕಳಿಗೆ ಕಷ್ಟವಾಗುತ್ತದೆ ಎಂದು ನೀವು ಸುಲಭದ ಪಾಠ ಆರಿಸುತ್ತೀರಿ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಫ್ಯಾಂಟಸಿ ಓದುವ ಮಕ್ಕಳು ಎಲ್ವ್‌ಗಳ ಭಾಷೆಯನ್ನೇ ಬಿಡದೆ ಕಲಿಯುತ್ತಾರೆ, ಷಟ್ಪದಿಗೆ ಹೆದರುತ್ತಾರೆಯೇ?

ಟೀಚರುಗಳಲ್ಲಿ ಒಂದು ವಿನಂತಿ. ಮುಂದಿನ ವರ್ಷ ದೊಡ್ಡ ಮಕ್ಕಳ ತರಗತಿಯಲ್ಲಿ ಕುಮಾರವ್ಯಾಸನ ಉದ್ಯೋಗಪರ್ವದಿಂದ ಕೃಷ್ಣ, ಕರ್ಣರ ಭಾಗವನ್ನು ನಿಧಾನವಾಗಿ, ಜೋರಾಗಿ ಓದಿಸಿ. ಆಮೇಲೆ ಅದನ್ನೇ ತಾಳಮದ್ದಳೆ ಮಾಡೋಣ. ಸೆಟ್ ಬೇಡ, ಬಾಡಿಗೆ ಕಾಸ್ಟ್ಯೂಮ್ ಬೇಡ, ಕುರ್ಚಿಗಳು ಈ ಹಾಲ್‌ನಲ್ಲೇ ಇವೆ. ಮದ್ದಳೆ ಬಾರಿಸುವ ಅಂಕಲ್ ಒಬ್ಬರು ಎರಡನೇ ಸಾಲಿನಲ್ಲಿ ಕೂತು ಈಗ ಬೇರೆ ಕಡೆ ನೋಡುತ್ತಿದ್ದಾರೆ. ಕೃಷ್ಣನಿಗೆ ಯಾರನ್ನಾದರೂ ಹುಡುಕಿ. ನಾನು ಇಲ್ಲಿಂದ ಪಾಸಾಗಿದ್ದರೂ ಶುಕ್ರವಾರ ಬರುತ್ತೇನೆ, ಕರ್ಣನ ಅರ್ಥ ನಾನು ಹೇಳುತ್ತೇನೆ.